ಹಲ್ಮಿಡಿಯ ಕಲ್ಲೊಂದೇ ಉಳಿದಿದ್ದರೆ

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ ಶಾಸನಕ್ಕೆ ಹದಿನಾರೇ ಸಾಲು. ಕ್ರಿ.ಶ. 450ರ ಆಸುಪಾಸಿನದೆಂದು ಬಹುಮಟ್ಟಿಗೆ ಒಪ್ಪಿಕೊಂಡಿರುವ ಈ ಕಲ್ಲು ನಮ್ಮ ಹೆಮ್ಮೆ. ಆ ಹೆಮ್ಮೆಯನ್ನು ಒಂದು ಗಳಿಗೆ ಬದಿಗಿಟ್ಟು ಹೀಗೆ ಊಹಿಸೋಣ: ಕನ್ನಡ ಆಡುವವರು ಒಬ್ಬರೂ ಉಳಿದಿಲ್ಲ, ಪಂಪನಿಲ್ಲ, ವಚನಗಳಿಲ್ಲ, ಇರುವುದು ಈ ಕಲ್ಲು ಮಾತ್ರ. ಆಗ ಪಂಡಿತರು ಈ ನುಡಿಯನ್ನು ಯಾವ ಮನೆತನಕ್ಕೆ ಸೇರಿಸುತ್ತಿದ್ದರು?

ಸಂಸ್ಕೃತದ ಮನೆತನಕ್ಕೆ ಎಂದುಬಿಡುವವರು ಖಂಡಿತ ಇರುತ್ತಿದ್ದರು. ಶಾಸನ ತೊಡಗುವುದೇ ಅಚ್ಯುತನನ್ನು ಹೊಗಳುವ ಸಂಸ್ಕೃತ ಶ್ಲೋಕದಿಂದ. ಆಮೇಲಿನ ಗದ್ಯದಲ್ಲೂ ಉದ್ದುದ್ದ ಸಂಸ್ಕೃತ ಸಮಾಸಗಳೇ. ಪದ ಎಣಿಸುವವನಿಗೆ ಬೇರೆ ತೀರ್ಪು ಹೊಳೆಯುವುದು ಕಷ್ಟ.

ಇದು ಬರೀ ಕುಚೋದ್ಯದ ಪ್ರಶ್ನೆಯಲ್ಲ. ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಚರ್ರೂವಾ ಜನರನ್ನು 1831ರಲ್ಲಿ ಸೇನೆಯೇ ಕೊಚ್ಚಿಹಾಕಿತು. ಅವರ ಭಾಷೆಯಲ್ಲಿ ಇಂದು ಉಳಿದಿರುವುದು ಸುಮಾರು ಎಪ್ಪತ್ತು ಪದ. ನೆರೆಯ ಚನಾ, ಗ್ವೆನೋವಾ ನುಡಿಗಳ ಚೂರುಪಾರುಗಳನ್ನು ಇದಕ್ಕೆ ಕೂಡಿಸಿ ಒಂದು ಕುಟುಂಬ ಕಟ್ಟಿದ್ದಾರೆ. ಅದನ್ನು ಇನ್ನೂ ದೊಡ್ಡ ಕುಟುಂಬಗಳಿಗೆ ಗಂಟು ಹಾಕುವ ಯತ್ನಗಳೂ ನಡೆದಿವೆ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1987ರಲ್ಲಿ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ನುಡಿಗಳನ್ನೆಲ್ಲ ‘ಅಮೆರಿಂಡ್’ ಎಂಬ ಒಂದೇ ಚಪ್ಪರದಡಿ ತಂದರು. ನೂರಾರು ಭಾಷೆಗಳ ಪದಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲುವುದನ್ನು ಹೆಕ್ಕುವುದು ಅವರ ದಾರಿ. ಲೈಲ್ ಕ್ಯಾಂಪ್‌ಬೆಲ್ ಮೊದಲಾದವರು ಇದನ್ನು ಕಟುವಾಗಿ ತಿರಸ್ಕರಿಸಿದರು. ಗ್ರೀನ್‌ಬರ್ಗ್ ಆಫ್ರಿಕದ ಭಾಷೆಗಳಿಗೆ ಮಾಡಿದ ವಿಂಗಡಣೆ ಬಹುಪಾಲು ಉಳಿದುಕೊಂಡಿದೆ ಎನ್ನುವುದೂ ನಿಜವೇ. ಎಲ್ಲಿ ಅಗೆಯಬೇಕೆಂದು ಹೋಲಿಕೆ ತೋರಿಸಬಲ್ಲದು. ನೀರು ಸಿಕ್ಕಿತೆಂದು ಸಾರುವ ಹಕ್ಕು ಮಾತ್ರ ಅದಕ್ಕಿಲ್ಲ.

ಯಾಕಿಲ್ಲ ಎಂಬುದಕ್ಕೆ ನಮ್ಮ ಸೀಮೆಯ ಊರ ಹೆಸರುಗಳೇ ಸಾಕ್ಷಿ. ಅರಸೀಕೆರೆಯ ‘ಅರಸಿ’ಯನ್ನು ನೋಡಿ. ಕನ್ನಡದ ಅರಸ, ತಮಿಳಿನ ಅರಸನ್ ಅಣ್ಣತಮ್ಮಂದಿರಂತಿವೆ. ಆದರೆ ಹಳೆಯ ದ್ರಾವಿಡ ಪದಗಳು ರಕಾರದಿಂದ ತೊಡಗುತ್ತಿರಲಿಲ್ಲ. ‘ರಾಜ’ವೇ ಮುಂದೆ ಅಕಾರ ಹಚ್ಚಿಕೊಂಡು ಒಳಬಂದಿತೆಂದು ಅನೇಕ ವಿದ್ವಾಂಸರ ಎಣಿಕೆ. ಅದು ಸರಿಯಾದರೆ ಈ ಹೋಲಿಕೆ ಎರಡು ಮನೆಗಳ ನಂಟನ್ನು ಹೇಳುವುದಿಲ್ಲ, ಮೂರನೆಯ ಮನೆಯಿಂದ ತಂದ ಕಡವನ್ನು ಹೇಳುತ್ತದೆ. ಹಲ್ಮಿಡಿಯ ಕಲ್ಲಿನಲ್ಲೂ ಈ ‘ಅರಸ’ ಇದ್ದಾನೆ.

ಹಳೇಬೀಡಿನ ‘ಹಳೆ’ಯ ಕಥೆ ಬೇರೆ. ಹಳಗನ್ನಡದಲ್ಲಿ ಅದು ‘ಪೞೆ’, ತಮಿಳಿನಲ್ಲಿ ‘ಪೞೈಯ’. ಹಾಲು ಅಲ್ಲಿ ಪಾಲ್, ಹುಲಿ ಪುಲಿ, ಹಲ್ಲು ಪಲ್. ಶಾಸನದ ‘ಪಲ್ಮಿಡಿ’ಯೇ ಇಂದಿನ ಹಲ್ಮಿಡಿ. ಸಂಸ್ಕೃತದ ‘ಪುರ’ ಮಾತ್ರ ಪುರವಾಗಿಯೇ ನಿಂತಿತು. ಇಲ್ಲಿ ಪದಗಳು ಹೋಲುತ್ತವೆ ಎಂಬುದಕ್ಕಿಂತ ಒಂದೇ ಕಟ್ಟಳೆಗೆ ತಕ್ಕಂತೆ ಬೇರೆಯಾಗುತ್ತವೆ ಎಂಬುದು ದೊಡ್ಡ ಪುರಾವೆ. ಆಕಸ್ಮಿಕಕ್ಕೆ ಇಂಥ ಶಿಸ್ತು ಇರುವುದಿಲ್ಲ.

1816ರಲ್ಲಿ ಫ್ರಾನ್ಸಿಸ್ ಎಲ್ಲಿಸ್ ದಕ್ಷಿಣದ ನುಡಿಗಳು ಸಂಸ್ಕೃತಜನ್ಯವಲ್ಲ ಎಂದು ವಾದಿಸಿದರು. 1856ರ ತಮ್ಮ ಪುಸ್ತಕದಲ್ಲಿ ರಾಬರ್ಟ್ ಕಾಲ್ಡ್‌ವೆಲ್ ಅದನ್ನು ವ್ಯಾಕರಣದ ಗಟ್ಟಿ ನೆಲದ ಮೇಲೆ ನಿಲ್ಲಿಸಿದರು. ಆದರೆ ಅದೇ ಕಾಲ್ಡ್‌ವೆಲ್ ಅದೇ ಪುಸ್ತಕದಲ್ಲಿ ದ್ರಾವಿಡವನ್ನು ತುರ್ಕಿ ಮೊದಲಾದ ನುಡಿಗಳ ‘ಸಿಥಿಯನ್’ ಬಳಗಕ್ಕೆ ಅಂಟಿಸಲು ಹೊರಟರು. ತುರ್ಕಿ ನುಡಿಗಳ ಚತುರ್ಥಿಯಲ್ಲೂ ನಮ್ಮ ‘ಗೆ’, ‘ಕೆ’ಗಳಂಥ ಸದ್ದು ಕೇಳಿಸುತ್ತದೆ, ನಿಜ. ಆ ಸದ್ದಿನ ಹಿಂದೆ ಕಟ್ಟಳೆ ಸಿಗಲಿಲ್ಲ. ಸಿಥಿಯನ್ ವಾದ ಉದುರಿತು, ದ್ರಾವಿಡ ಉಳಿಯಿತು. ಪಂಡಿತ ಒಬ್ಬನೇ, ವಿಧಾನ ಎರಡು.

ನಾವೂ ಈ ಚಪಲಕ್ಕೆ ಹೊರತಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದ ಅರ್ಥವಾಗದ ಮಾತುಗಳು ಕನ್ನಡವೆಂದು ಶಾಸನತಜ್ಞ ಹುಲ್ಟ್‌ಷ್ 1904ರಲ್ಲಿ ಸೂಚಿಸಿದರು, ಆರ್. ಶಾಮಶಾಸ್ತ್ರಿಗಳು ಬೆಂಬಲಿಸಿದರು. ಕನ್ನಡ ಬಲ್ಲವನ ಕಿವಿಗೆ ಯಾವ ಗೊಣಗಾಟದಲ್ಲೂ ನಾಲ್ಕು ಕನ್ನಡ ಪದ ಕೇಳಿಸೀತು. ಇದನ್ನು ಪುರಾವೆಯೆಂದು ಸಂಭ್ರಮಿಸುವ ನಾವು ಅಮೆರಿಂಡ್ ವಾದವನ್ನು ನೋಡಿ ನಗುವಂತಿಲ್ಲ.

ಮತ್ತೆ ಕಲ್ಲಿಗೆ ಬರೋಣ. ಅದರ ನಾಮಪದಗಳು ದಿಕ್ಕು ತಪ್ಪಿಸಿದರೂ ‘ನಾಡುಳ್’, ‘ಇರ್ವರ್’, ‘ಕೊಟ್ಟಾರ್’, ‘ವಿಟ್ಟಾರ್’ ಎಂಬ ರೂಪಗಳು ಗುಟ್ಟು ಬಿಟ್ಟುಕೊಡುತ್ತವೆ. ಬಿರುದು ಎರವಲು ತರಬಹುದು, ಕ್ರಿಯಾಪದದ ಪ್ರತ್ಯಯ ಅಷ್ಟು ಸುಲಭವಾಗಿ ಬರುವುದಿಲ್ಲ. ‘ಕೊಟ್ಟಾರ್’ನ ದೀರ್ಘ ‘ಆರ್’ ತಮಿಳಿನಲ್ಲಿ ಇಂದಿಗೂ ಇದೆ. ಕನ್ನಡದಲ್ಲಿ ‘ಅರ್’ ಆಯಿತು. ಹೀಗೆ ಒರೆಗೆ ಹಚ್ಚಲು ಪಕ್ಕದಲ್ಲಿ ತಮಿಳು, ತೆಲುಗು, ತುಳು ಇವೆ. ಹಲ್ಮಿಡಿಯ ಜನರ ಬಾಯಲ್ಲಿ ಕನ್ನಡವೇ ಇದೆ. ಹದಿನಾರು ಸಾಲು ಮಾತಾಡುತ್ತಿರುವುದು ಈ ನೆರೆಹೊರೆಯ ಬಲದಿಂದ.

ಚರ್ರೂವಾಕ್ಕೆ ಆ ನೆರೆಹೊರೆಯನ್ನು ಉಳಿಸಲಿಲ್ಲ. ಅದರ ಎಪ್ಪತ್ತು ಪದಗಳಲ್ಲಿ ಪ್ರತ್ಯಯಗಳು ವಿರಳ, ಕಟ್ಟಳೆ ತೋರಿಸುವಷ್ಟು ಜೋಡಿಗಳೂ ಇಲ್ಲ. ಅಂಥ ನುಡಿಯ ಮುಂದೆ ‘ದೊಡ್ಡ ಕುಲ ನಿರ್ಧಾರವಾಗಿಲ್ಲ’ ಎಂದು ಬರೆಯುವುದು ಸೋಲಲ್ಲ. ಆಡುವವರನ್ನು ಕೊಂದ ಮೇಲೆ ಅವರ ಮಾತಿಗೆ ನಮಗೆ ತೋಚಿದ ಕುಲ ಕಟ್ಟದಿರುವುದು ಅದಕ್ಕೆ ತೋರಿಸಬಹುದಾದ ಕನಿಷ್ಠ ಮರ್ಯಾದೆ.