ನೆರೆಮನೆಯ ಮಾತು: ಹೈದರಾಬಾದಿನ ಮೊಹಲ್ಲಾ ಮತ್ತು ಬರೆಯದೆ ಉಳಿದ ಕನ್ನಡ

ಆಧುನಿಕ ಕನ್ನಡ ವಿಮರ್ಶೆಯು ಜನವಸತಿಯನ್ನು ಕುರಿತು ಮಾತನಾಡುವಾಗ ಬಹುಮಟ್ಟಿಗೆ ಎರಡೇ ಪದಗಳನ್ನು ನೆಚ್ಚಿಕೊಂಡು ಬಂದಿದೆ: ಹಳ್ಳಿ ಮತ್ತು ನಗರ. ಹಳ್ಳಿ ಎಂದೊಡನೆ ಸಮುದಾಯ, ನಗರ ಎಂದೊಡನೆ ಒಂಟಿತನ ಎಂಬ ಸಮೀಕರಣವು ನವ್ಯದ ಕಾಲದಲ್ಲಿ ಗಟ್ಟಿಯಾಯಿತು. ಅನಂತರದ ಚಳವಳಿಗಳು ನವ್ಯದೊಡನೆ ಎಷ್ಟೇ ಜಗಳವಾಡಿದರೂ ಈ ಸಮೀಕರಣವನ್ನು ಮಾತ್ರ ಮುಟ್ಟದೆ ಉಳಿಸಿದವು. ಇವೆರಡರ ನಡುವೆ ಓಣಿಯಿದೆ, ವಠಾರವಿದೆ, ಮೊಹಲ್ಲಾ ಇದೆ. ನಗರದೊಳಗೇ ಇದ್ದು, ಒಂದು ಮನೆಯ ಒಗ್ಗರಣೆಯ ಸದ್ದು ಇನ್ನೊಂದು ಮನೆಗೆ ಕೇಳುವಷ್ಟು ಹತ್ತಿರದ ಬಾಳು ಅದು. ಅದನ್ನು ನಾವು ಹರಟೆಗೆ ಬಿಟ್ಟುಕೊಟ್ಟೆವು. 1942ರಲ್ಲಿ ರಾ. ಶಿವರಾಂ ಅವರು ಆರಂಭಿಸಿದ 'ಕೊರವಂಜಿ'ಯಲ್ಲಿ, ಟಿ. ಸುನಂದಮ್ಮನವರ ಗೃಹಕೃತ್ಯದ ಬರಹಗಳಲ್ಲಿ ಈ ಬಾಳು ಬಂದಾಗ ನಕ್ಕೆವು, ಮೆಚ್ಚಿದೆವು. ಆದರೆ ಒಂದು ಪಠ್ಯಕ್ಕೆ ಸಲ್ಲಬೇಕಾದ ಓದನ್ನು ಅದಕ್ಕೆ ಸಲ್ಲಿಸಲಿಲ್ಲ. 'ಲಘು ಪ್ರಬಂಧ' ಎಂಬ ಹೆಸರಿನಲ್ಲಿಯೇ ತೀರ್ಪು ಅಡಗಿದೆ.

ಈ ಉಪೇಕ್ಷೆಯ ಬೆಲೆ ಎಷ್ಟೆಂಬುದು ಬೆಂಗಳೂರು, ಮೈಸೂರುಗಳಲ್ಲಿ ಕಾಣದು. ಅಲ್ಲಿ ಹರಟೆಯಾಗಿಯಾದರೂ ಓಣಿಯ ಮಾತು ಬರಹಕ್ಕೆ ಇಳಿಯಿತು. ಹೈದರಾಬಾದಿನಲ್ಲಿ ಅಷ್ಟೂ ಆಗಲಿಲ್ಲ.

ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳು ನಿಜಾಮನ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿಯ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿ. ಕಚೇರಿ, ವಕೀಲಿ, ವ್ಯಾಪಾರ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಓದು ಎಂದು ಬಂದವರು ಅಲ್ಲಿಯೇ ಮನೆ ಮಾಡಿದರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡಿತು. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳ ಕನ್ನಡ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಗಳು ಹೋದವು, ಮನೆಗಳು ಉಳಿದವು. ಕಾಚಿಗುಡಾದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗನ ಹೆಸರಿನ ಶಾಲೆ ಇರುವುದು ಈ ಮನೆಗಳ ಕಾರಣದಿಂದ. 2019ರಲ್ಲಿ 'ಹೈದರಾಬಾದ್ ಕರ್ನಾಟಕ'ವು 'ಕಲ್ಯಾಣ ಕರ್ನಾಟಕ'ವಾದಾಗ ಪ್ರದೇಶದ ಹೆಸರಿನಿಂದಲೂ ಈ ನಗರ ಕಳಚಿಕೊಂಡಿತು. ಆ ಬದಲಾವಣೆ ಸರಿಯೋ ತಪ್ಪೋ ಎಂಬುದು ಇಲ್ಲಿಯ ಚರ್ಚೆಯಲ್ಲ. ಒಂದು ಭಾಷಾ ಸಮೂಹಕ್ಕೆ ತನ್ನ ಹಳೆಯ ರಾಜಧಾನಿಯೊಡನೆ ಉಳಿದಿರುವ ನಂಟು ಈಗ ಮನೆಮಾತಿನದು ಮಾತ್ರ ಎಂಬುದನ್ನು ಗಮನಿಸಿದರೆ ಸಾಕು.

ಆ ಮನೆಮಾತು ಹೇಗಿದೆ? ಹೈದರಾಬಾದಿನಲ್ಲಿ ನಾನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಕಾಚಿಗುಡಾದ ಒಂದು ಗಲ್ಲಿಯಲ್ಲಿ ಬಾಡಿಗೆಗೆ ಇದ್ದೆ. ಸಂಜೆ ಹೊಸ್ತಿಲ ಬಳಿ ಕೂಡುತ್ತಿದ್ದ ಹೆಂಗಸರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಮುಸಲ್ಮಾನರ ಮನೆಯ ಹಿರಿಯಾಕೆ ಎಲ್ಲರಿಗೂ 'ಖಾಲಾ', ತೆಲುಗರ ಮನೆಯಾಕೆ 'ಪಿನ್ನಿ', ಕನ್ನಡದ ಮನೆಯಾಕೆ 'ಕಾಕೂ'. ಅವರವರ ಭಾಷೆಯ ನಂಟಿನ ಹೆಸರೇ ಇಡೀ ಗಲ್ಲಿಗೆ ಅವರ ಹೆಸರು. ಒಂದು ಸಂಜೆ ಕಾಕೂ ನನ್ನ ಹೆಂಡತಿಯೊಡನೆ ಆಡಿದ ಮಾತು ಹೀಗಿತ್ತು:

"ನಿನ್ನಿ ನಳಾ ಬಂದಿಲ್ಲ ಅಂತ ಖಾಲಾ ಅಂದ್ರು. ಪಿನ್ನೀನ್ನ ಕೇಳಿದ್ರ ಬಂದಿತ್ತು ಅಂತಾರ. ಖರೇ ಯಾರ ಮಾತು ಅಂತ ನಾ ಪರೇಶಾನ್ ಆಗೀನಿ ನೋಡವಾ."

ಮೇಲ್ನೋಟಕ್ಕೆ ಇಲ್ಲಿ ಕಾಣುವುದು ಪದಗಳ ಬೆರಕೆ. ನಳಾ, ಖರೇ, ಪರೇಶಾನ್ ಎಂಬುವನ್ನು ಎತ್ತಿ ತೋರಿಸಿ 'ಇದು ಉರ್ದು, ಇದು ಮರಾಠಿಯಿಂದಲೂ ಬಂದಿರಬಹುದು' ಎಂದು ಪಟ್ಟಿ ಮಾಡುವುದು ಸುಲಭ; ನಮ್ಮ ಉಪಭಾಷಾ ಅಧ್ಯಯನಗಳು ಹೆಚ್ಚಾಗಿ ಮಾಡಿರುವುದೂ ಅಷ್ಟನ್ನೇ. ಆದರೆ ಈ ಮಾತಿನ ಜೀವ ಇರುವುದು 'ಅಂತ' ಎಂಬ ಸಣ್ಣ ಅವ್ಯಯದಲ್ಲಿ. ಖಾಲಾ ಅದನ್ನು ಹೇಳಿದ್ದು ದಖನಿಯಲ್ಲಿ, ಪಿನ್ನಿ ಹೇಳಿದ್ದು ತೆಲುಗಿನಲ್ಲಿ. ಉತ್ತರದ ಶಿಷ್ಟ ಉರ್ದುವಿನಲ್ಲಿ 'ಹೇಳಿದಳು' ಎಂಬುದು ಮೊದಲು ಬಂದು, 'ಕಿ' ಎಂಬ ಸೇತುವೆ ದಾಟಿ, ಹೇಳಿದ ಮಾತು ಅನಂತರ ಬರುತ್ತದೆ. ದಖನಿಯಲ್ಲಿ ಹೇಳಿದ ಮಾತೇ ಮುಂದೆ ಬಂದು ಅದಕ್ಕೆ 'ಬೋಲ್‌ಕೆ' ಎಂಬ ಕೊಂಡಿ ಬೀಳುತ್ತದೆ. ಕನ್ನಡದ 'ಅಂತ', ತೆಲುಗಿನ 'ಅನಿ' ಕೆಲಸ ಮಾಡುವ ಜಾಗದಲ್ಲಿಯೇ, ಅದೇ ರೀತಿಯಲ್ಲಿ. ಅಂದರೆ ಕಾಕೂ ಖಾಲಾಳ ಮಾತನ್ನು ಕನ್ನಡಕ್ಕೆ ತರುವಾಗ ಒಂದು ಪದದ ಸ್ಥಾನವನ್ನೂ ಬದಲಿಸಬೇಕಾಗಿಲ್ಲ. ಉರ್ದುವಿನಿಂದ ಕನ್ನಡಕ್ಕೆ ಬಂದ ಪದಗಳನ್ನು ಎಣಿಸುವವರು, ಆ ಗಲ್ಲಿಯ ಉರ್ದು ತನ್ನ ವಾಕ್ಯದ ಕಟ್ಟನ್ನೇ ದಕ್ಷಿಣದ ಭಾಷೆಗಳಿಗೆ ಒಪ್ಪಿಸಿದ್ದನ್ನು ಎಣಿಸುವುದಿಲ್ಲ.

ಸಾಂಗ್ಲಿ ಜಿಲ್ಲೆಯ ಕುಪ್ವಾಡ ಎಂಬ ಗಡಿಯ ಊರಿನ ಕನ್ನಡ, ಮರಾಠಿ, ಉರ್ದುಗಳನ್ನು ಕುರಿತು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾಶಾಸ್ತ್ರದಲ್ಲಿ ಪ್ರಸಿದ್ಧವಾದುದು. ಅಲ್ಲಿ ವ್ಯಾಕರಣಗಳು ಒಂದರೊಳಗೊಂದು ಕೂಡಿಹೋದರೂ ಪದಕೋಶಗಳು ಬೇರೆಯಾಗಿ ಉಳಿದವು, ಏಕೆಂದರೆ ಒಂದೊಂದು ಸಮುದಾಯದ ಮನೆಯೊಳಗೆ ಅದರದೇ ಭಾಷೆ ಅದರ ಗುರುತಾಗಿತ್ತು. ಹೈದರಾಬಾದಿನ ಗಲ್ಲಿ ಈ ಮಾದರಿಗೆ ಪೂರ್ಣವಾಗಿ ಹೊಂದುವುದಿಲ್ಲ. ಇಲ್ಲಿ ಪದಗಳೂ ಹೊಸ್ತಿಲು ದಾಟಿವೆ. ಭಾಷಾಶಾಸ್ತ್ರಜ್ಞರಿಗೆ ಇದೊಂದು ಸಮಸ್ಯೆ. ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇಲ್ಲಿ ಬೇರೊಂದು ಕುತೂಹಲವಿದೆ. 'ಅಂತ' ಎಂಬುದು ನೆರೆಮನೆಯ ಮಾತಿನ ನೀತಿಯೂ ಹೌದು. ಹೇಳಿದವಳು ನಾನಲ್ಲ, ಆಕೆ ಅಂದದ್ದು. ಸುಳ್ಳಾದರೆ ಹೊಣೆ ನನ್ನದಲ್ಲ, ನಿಜವಾದರೆ ಸುದ್ದಿ ತಂದ ಕೀರ್ತಿ ನನ್ನದು. ಮೂರು ಮನೆಯ ಮೂರು ಸಾಕ್ಷ್ಯಗಳನ್ನು ಒಂದೇ ಉಸಿರಿನಲ್ಲಿ ತೂಗಿ, ತೀರ್ಪನ್ನು ಕೇಳುವವಳಿಗೆ ಬಿಡುವ ಈ ಕೌಶಲವನ್ನು ಕಥೆಗಾರನಲ್ಲಿ ಕಂಡರೆ ನಾವು 'ನಿರೂಪಣಾ ತಂತ್ರ' ಎಂದು ಹೊಗಳುತ್ತೇವೆ.

ನಡುಗನ್ನಡ ಸಾಹಿತ್ಯವನ್ನು ಓದಿದವರಿಗೆ ಇದು ಹೊಸತಲ್ಲ. ಹರಿಹರನ ನಂಬಿಯಣ್ಣನ ರಗಳೆಯಲ್ಲಿ ಮುನಿಸಿಕೊಂಡ ಪರವೆಯ ಮನೆಗೆ ಸಂಧಾನಕ್ಕೆ ಹೊರಡುವವನು ಸಾಕ್ಷಾತ್ ಶಿವ. ಗಂಡಹೆಂಡಿರ ಜಗಳದ ನಡುವೆ ಮಾತು ಒಯ್ಯುವ ಮನುಷ್ಯನ ಪಾಡು ದೇವರಿಗೆ ಬರುತ್ತದೆ. ಹರಿದಾಸರ ಕೀರ್ತನೆಗಳಲ್ಲಿ ಗೋಪಿಯರು ಯಶೋದೆಯ ಮನೆಬಾಗಿಲಿಗೆ ತರುವ ದೂರುಗಳಂತೂ ಅಪ್ಪಟ ನೆರೆಮನೆಯ ಮಾತು. ಬೆಣ್ಣೆ ಹೋದದ್ದು, ಗಡಿಗೆ ಒಡೆದದ್ದು, ಕರು ಬಿಚ್ಚಿದ್ದು, ಒಬ್ಬಳು ಹೇಳಿದ್ದಕ್ಕೆ ಇನ್ನೊಬ್ಬಳು ಸೇರಿಸುವುದು, ತಾಯಿ ಮಗನ ಪರ ವಹಿಸುವುದು: ಓಣಿಯೇ ನ್ಯಾಯಸ್ಥಾನ. ಇವನ್ನು ನಾವು ಭಕ್ತಿಯ 'ವಾತ್ಸಲ್ಯ ಭಾವ' ಎಂದು ವರ್ಗೀಕರಿಸಿ ಕೈತೊಳೆದುಕೊಂಡೆವು.

ಇದಕ್ಕೆ ವಿರುದ್ಧವಾಗಿ, ನೆರೆಮನೆಯ ದುಃಖಕ್ಕೆ ಅಳುವವರನ್ನು ಒಪ್ಪದೆ, ಮೊದಲು ನಿನ್ನ ತನುಮನಗಳ ಕಡೆ ತಿರುಗು ಎಂದು ಹೇಳುವ ಬಸವಣ್ಣನವರ ವಚನ ಎಲ್ಲರಿಗೂ ಗೊತ್ತಿದೆ. ಆ ವಚನದ ನೈತಿಕ ಬಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇಪ್ಪತ್ತನೆಯ ಶತಮಾನದ ನಮ್ಮ ವಿಮರ್ಶೆಯು ಆತ್ಮಶೋಧವೇ ಗಂಭೀರ ಸಾಹಿತ್ಯದ ಲಕ್ಷಣವೆಂದು ಈ ಕಡೆಯಿಂದ ಕಲಿತು, ನೆರೆಮನೆಯತ್ತ ತಿರುಗಿದ ಮಾತೆಲ್ಲ ಹಗುರವೆಂದು ತಾನಾಗಿ ಸೇರಿಸಿಕೊಂಡಿತು ಎಂದು ನನಗೆ ತೋರುತ್ತದೆ. ವಚನ ಬೇಡವೆಂದದ್ದು ಪರರನ್ನು ತಿದ್ದುವ ಚಟವನ್ನು. ಪರರ ಮಾತನ್ನು ಕಿವಿಗೊಟ್ಟು ಕೇಳುವುದನ್ನಲ್ಲ.

ಇನ್ನು, ಹೈದರಾಬಾದಿನ ಕನ್ನಡಿಗರು ತಮ್ಮ ಮನೆಮಾತನ್ನು ಏಕೆ ಬರೆಯಲಿಲ್ಲ ಎಂಬ ಪ್ರಶ್ನೆ. ಇದಕ್ಕೆ ಅವರನ್ನು ದೂಷಿಸುವುದು ಅನ್ಯಾಯ. ಆಡಳಿತ, ಶಿಕ್ಷಣಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದಾಗ ಕನ್ನಡ ಶಾಲೆ, ಕನ್ನಡ ಸಂಘ, ಕನ್ನಡ ಪುಸ್ತಕಗಳಿಗಾಗಿ ಹೆಣಗಿದವರಿಗೆ, ತಮ್ಮ ಕನ್ನಡವು ಧಾರವಾಡ ಮೈಸೂರುಗಳ ಕನ್ನಡಕ್ಕೆ ಕಡಮೆಯಲ್ಲವೆಂದು ತೋರಿಸುವ ಹೊರೆಯೂ ಇತ್ತು. ವೇದಿಕೆಯ ಮೇಲೆ 'ಪರೇಶಾನ್' ಎನ್ನುವಂತಿರಲಿಲ್ಲ. ಆದರೂ ಒಂದು ತಾರತಮ್ಯವನ್ನು ಹೇಳದೆ ಇರಲಾರೆ. ಕೈಲಾಸಂ ಅವರ 'ಟೊಳ್ಳುಗಟ್ಟಿ'ಯ ಪಾತ್ರಗಳು ಇಂಗ್ಲಿಷು ಬೆರೆಸಿ ಮಾತನಾಡಿದರೆ ಅದು ಆಧುನಿಕ ಕನ್ನಡ ನಾಟಕದ ಹುಟ್ಟು. ಶಾಲಿಬಂಡಾದ ಕನ್ನಡದ ಮನೆಯಲ್ಲಿ ಉರ್ದು ಬೆರೆತರೆ ಅದು ಭಾಷೆ ಕೆಟ್ಟ ಲಕ್ಷಣ. ಎರಡೂ ಆಳಿದವರ ಭಾಷೆಗಳೇ. ಒಂದರ ಬೆರಕೆ ವಿದ್ಯೆಯ ಗುರುತಾಗಿ, ಇನ್ನೊಂದರದು ದಾಸ್ಯದ ಗುರುತಾಗಿ ಕಂಡದ್ದೇಕೆ ಎಂಬುದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನೂ ಕೇಳಿಕೊಂಡಿಲ್ಲ.

ಶುದ್ಧಿಯ ಹಂಬಲ ಹಳೆಯದೇ. ಹನ್ನೆರಡನೆಯ ಶತಮಾನದ ಮೊದಲಲ್ಲಿ ನಯಸೇನನು ಸಂಸ್ಕೃತವನ್ನು ಕನ್ನಡದೊಡನೆ ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರಿಗೆ ಹೋಲಿಸಿ ಹಂಗಿಸಿದನು. ಅವನ 'ಧರ್ಮಾಮೃತ'ದಲ್ಲಿಯೇ ಸಂಸ್ಕೃತ ಸಾಕಷ್ಟಿದೆ ಎಂಬುದು ಬೇರೆ ಮಾತು. ಅವನನ್ನು ಇಂದಿಗೂ ಓದುವಂತೆ ಮಾಡಿರುವುದು ಆ ಪ್ರತಿಜ್ಞೆಯಲ್ಲ, ಅವನು ಜನರ ಬಾಯಿಂದ ಎತ್ತಿಕೊಂಡ ಗಾದೆಗಳ ಮತ್ತು ಹೋಲಿಕೆಗಳ ರಾಶಿ. ಆಂಡಯ್ಯ ಪ್ರತಿಜ್ಞೆಯನ್ನು ಪಾಲಿಸಿದನು; ಅವನ 'ಕಬ್ಬಿಗರ ಕಾವ' ಒಂಟಿ ಸಾಹಸವಾಗಿ ನಿಂತಿತು.

ಇವರಿಬ್ಬರಿಗಿಂತ ಹಿಂದಿನ 'ಕವಿರಾಜಮಾರ್ಗ'ದ ನಿಲುವು ಹೆಚ್ಚು ಜಟಿಲವಾದುದು. ಕನ್ನಡದ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಇದೆಯೆಂದು ಅದು ಗಡಿ ಹಾಕುತ್ತದೆ. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟ ಆಸ್ಥಾನದ ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಈ ಗಡಿಯ ಹೊರಗಿದೆ. ಅರಸನ ಸ್ವಂತ ಪಟ್ಟಣದ ಬೀದಿಗಳಲ್ಲಿ, ನಾನಾ ದೇಶದ ಜನ ಬಂದುಹೋಗುವ ಆ ಓಣಿಗಳಲ್ಲಿ, ಆಡುತ್ತಿದ್ದ ಕನ್ನಡ ತಿರುಳ್ಗನ್ನಡವಲ್ಲ. ಕನ್ನಡಗಳು ಹಲವೆಂದು ಒಪ್ಪಿದ ಆ ಲಾಕ್ಷಣಿಕನಿಗೆ ಕಿಟಕಿಯ ಹೊರಗಿನ ಕನ್ನಡ ಖಂಡಿತ ಕೇಳಿಸಿರಬೇಕು. ಅದರ ಒಂದು ವಾಕ್ಯವೂ ನಮಗೆ ದೊರೆಯುವುದಿಲ್ಲ. ಕಾಚಿಗುಡಾದ ಶಾಲೆಗೆ ನೃಪತುಂಗನ ಹೆಸರಿಟ್ಟವರು ಇದನ್ನು ನೆನೆದಿರಲಿಕ್ಕಿಲ್ಲ.

ಆ ಕೆಲಸವನ್ನು ಮಾಡಿದ್ದು ಉರ್ದು. ಕಲಬುರಗಿ ಜಿಲ್ಲೆಯಲ್ಲಿ 1936ರಲ್ಲಿ ಹುಟ್ಟಿದ ಮುಜ್ತಬಾ ಹುಸೇನ್ ಹೈದರಾಬಾದಿನ 'ಸಿಯಾಸತ್' ಪತ್ರಿಕೆಯಲ್ಲಿ ಬರೆಯತೊಡಗಿ, 2020ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಉರ್ದುವಿನ ಪ್ರಮುಖ ಹಾಸ್ಯಲೇಖಕರಲ್ಲಿ ಒಬ್ಬರೆನಿಸಿದ್ದರು. 'ಕೇವಡೆ ಕಾ ಬನ್' ಸಂಕಲನದ ಸುಲೇಮಾನ್ ಖತೀಬ್ ಕಲಬುರಗಿಯಲ್ಲಿ ಬಾಳಿದವರು. ದಖನಿಯ ಹಟ್ಟಿಮಾತಿನಲ್ಲಿ ಅತ್ತೆಸೊಸೆಯರನ್ನು ಜಗಳವಾಡಿಸಿ, ನಕ್ಕ ಸಭೆಯನ್ನು ಮರುಗಳಿಗೆಯಲ್ಲಿ ಅಳಿಸಬಲ್ಲವರಾಗಿದ್ದರು. ಇಬ್ಬರೂ ನಮ್ಮ ನೆಲದವರು, ಇಬ್ಬರೂ ಮೊಹಲ್ಲಾದ ಮಾತನ್ನು ನಾಚದೆ ಕೈಗೆತ್ತಿಕೊಂಡವರು. ಅವರ ನೆರೆಯ ಕನ್ನಡದ ಮನೆಗೆ ಅಂಥ ಲೇಖಕ ದೊರೆಯಲಿಲ್ಲ. 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣರ 'ಬದುಕು' ಕಲಬುರಗಿ ಸೀಮೆಯ ಆಡುನುಡಿಗೆ ಕಾದಂಬರಿಯ ಪೂರ್ಣ ಗಾತ್ರ ತಂದುಕೊಟ್ಟಿತು. ಅದರ ಗಲ್ಲಿಯಲ್ಲಿ ಹಸಿವಿದೆ, ಜಾತಿಯಿದೆ, ಹೆಣ್ಣಿನ ಮೇಲಣ ಕ್ರೌರ್ಯವಿದೆ. ಆದರೆ ಅದು ಹೈದರಾಬಾದಲ್ಲ.

ಈ ಮಾತನ್ನು ಹೇಳುವಾಗ ಒಂದು ಎಚ್ಚರವೂ ಅಗತ್ಯ. ಮೊಹಲ್ಲಾವನ್ನು ಸೌಹಾರ್ದದ ಚಿತ್ರಪಟವಾಗಿಸುವ ಬರಹ ಈಚೆಗೆ ಬಹಳವಾಗಿದೆ. ಈದಿನ ಶೀರ್‌ಖುರ್ಮಾ, ಯುಗಾದಿಯ ಹೋಳಿಗೆಗಳ ವಿನಿಮಯ ನಿಜವೇ; ನಾನೂ ತಿಂದಿದ್ದೇನೆ. ಅದೇ ಗಲ್ಲಿಯಲ್ಲಿ ಯಾರ ಮನೆಯ ನೀರು ಯಾರು ಕುಡಿಯುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತಿತ್ತು. ಕಟ್ಟೆಯ ಮೇಲೆ ಕೂಡುವವರು ಗಂಡಸರು, ಹೆಂಗಸರ ಸೀಮೆ ಹೊಸ್ತಿಲು. 1948ರ ಸುದ್ದಿ ಬಂದರೆ ಖಾಲಾ ಮತ್ತು ಕಾಕೂ ಇಬ್ಬರೂ ಮಾತು ತಿರುಗಿಸುತ್ತಿದ್ದರು. ಇಬ್ಬರ ಮನೆಯಲ್ಲಿಯೂ ಬೇರೆ ಬೇರೆ ತಿಂಗಳ ಭಯದ ನೆನಪಿತ್ತು. ಅಲ್ಲಿ 'ಅಂತ' ಕೆಲಸಕ್ಕೆ ಬರುತ್ತಿರಲಿಲ್ಲ. ಆ ತಿರುಗಿಸಿದ ಮಾತನ್ನು ಹಿಡಿಯಬಲ್ಲ ಬರಹವು ಹರಟೆಗಿಂತ ದೊಡ್ಡದಾಗಿರಬೇಕಾಗುತ್ತದೆ, ಆದರೆ ಹರಟೆಯ ಕಿವಿಯಿಲ್ಲದೆ ಹುಟ್ಟಲಾರದು.

ನನ್ನ ತಪ್ಪೊಪ್ಪಿಗೆಯೂ ಇದರಲ್ಲಿದೆ. 1990ರ ದಶಕದ ಕೊನೆಯಲ್ಲಿ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು 'ನಮ್ಮ ಮನೆ' ಎಂಬ ಪ್ರಬಂಧವನ್ನು ತನ್ನ ಅಜ್ಜಿಯ ಮಾತಿನಲ್ಲಿಯೇ ಬರೆದು ತಂದಳು. 'ಬರಲತ್ತೀನಿ', 'ಹೋಗಲತ್ತಾರ' ಎಂಬ ಕ್ರಿಯಾರೂಪಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದು, 'ಶಿಷ್ಟರೂಪ ಬಳಸಿ' ಎಂದು ಷರಾ ಬರೆದು ಹಿಂದಿರುಗಿಸಿದೆ. ಆಕೆ ಮುಂದಿನ ವಾರ ಅದನ್ನು ಅಚ್ಚುಕಟ್ಟಾದ ಗ್ರಂಥಭಾಷೆಯಲ್ಲಿ ಬರೆದು ತಂದಳು. ಹೆಚ್ಚಿನ ಅಂಕ ಕೊಟ್ಟೆ. ಕೆಲವು ವರ್ಷಗಳ ಹಿಂದೆ ಅವಳು ಮತ್ತೆ ಸಿಕ್ಕಾಗ ಆ ಮೊದಲ ಪ್ರತಿ ಇದೆಯೇ ಎಂದು ಕೇಳಿದೆ. ಗಲ್ಲಿಯ ಮನೆ ಮಾರಿ ಅಪಾರ್ಟ್‌ಮೆಂಟಿಗೆ ಹೋಗುವಾಗ ಹಳೆಯ ಕಾಗದಗಳೆಲ್ಲ ರದ್ದಿಗೆ ಹೋದವು ಸರ್, ಎಂದಳು. ಅಜ್ಜಿ ಹೇಗಿದ್ದಾರೆ ಎಂದು ಕೇಳಬೇಕೆಂದುಕೊಂಡವನು ಕೇಳಲಿಲ್ಲ.