ಮೂರು ಪ್ರಶ್ನೆಗಳ ಅಳತೆಗೋಲು

ಹಣಕಾಸು ಸಾಕ್ಷರತೆಯ ಕುರಿತ ಇಂದಿನ ಸಂಶೋಧನೆ ಬಹುಮಟ್ಟಿಗೆ ಮೂರು ಪ್ರಶ್ನೆಗಳ ಮೇಲೆ ನಿಂತಿದೆ. ಅನ್ನಾಮರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ ಎಂಬ ಅರ್ಥಶಾಸ್ತ್ರಜ್ಞೆಯರು ಅಮೆರಿಕದಲ್ಲಿ ಐವತ್ತು ದಾಟಿದವರ ಸಮೀಕ್ಷೆಗೆಂದು 2004ರಲ್ಲಿ ಬಳಸಿದ ಇವು ಬಡ್ಡಿ, ಹಣದುಬ್ಬರ ಮತ್ತು ಹೂಡಿಕೆಯ ಅಪಾಯವನ್ನು ಹಂಚಿಕೊಳ್ಳುವ ಬಗೆಯನ್ನು ಕುರಿತವು. ಮುಂದೆ ಹಲವು ದೇಶಗಳ ಭಾಷೆಗಳಿಗೆ ಹೋದವು. ಶಿಕ್ಷಣದಿಂದ ಪ್ರಯೋಜನವುಂಟೇ ಎಂಬುದು ಈ ಕ್ಷೇತ್ರದ ದೊಡ್ಡ ವಾಗ್ವಾದ. ಜನರ ಹಣದ ನಡವಳಿಕೆಯಲ್ಲಿನ ವ್ಯತ್ಯಾಸದ ಶೇ. 0.1ರಷ್ಟನ್ನು ಮಾತ್ರ ಅದು ವಿವರಿಸುತ್ತದೆಂದು 2014ರ ಸಮಗ್ರ ವಿಶ್ಲೇಷಣೆಯೊಂದು ಹೇಳಿತು. 76 ಪ್ರಯೋಗಗಳನ್ನು ಒಟ್ಟುಗೂಡಿಸಿದ 2022ರ ವಿಶ್ಲೇಷಣೆ ಶಿಕ್ಷಣದ ಪರ ನಿಂತಿತು.

ತೌಲನಿಕ ಸಾಹಿತ್ಯದ ವಿದ್ಯಾರ್ಥಿಗೆ ಇದಕ್ಕಿಂತ ಅನುವಾದವೇ ಮುಖ್ಯವಾಗಿ ತೋರುತ್ತದೆ. ಮೊದಲ ಪ್ರಶ್ನೆಯನ್ನೇ ನೋಡಬಹುದು: ಉಳಿತಾಯ ಖಾತೆಯಲ್ಲಿ ನೂರು ಡಾಲರ್, ವರ್ಷಕ್ಕೆ ಶೇ. 2 ಬಡ್ಡಿ, ಐದು ವರ್ಷಗಳ ಬಳಿಕ ಮೊತ್ತ 102ಕ್ಕಿಂತ ಹೆಚ್ಚೋ, ಅಷ್ಟೆಯೋ, ಕಡಿಮೆಯೋ? ಮಡಕಶಿರದಲ್ಲಾಗಲಿ ಹೊಸೂರಿನಲ್ಲಾಗಲಿ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. ಹಾಗೆ ತಿಳಿದವನ ಉತ್ತರವೂ ‘ಹೆಚ್ಚು’ ಎಂದೇ ಆಗುತ್ತದೆ, ಅಂಕ ಪೂರ್ತಿ ದೊರೆಯುತ್ತದೆ. ಬ್ಯಾಂಕಿಗೂ ಲೇವಾದೇವಿದಾರನಿಗೂ ಇರುವ ಅಂತರ, ಅಂದರೆ ಅವನ ಹೊಲ ಉಳಿಯುವುದೋ ಹೋಗುವುದೋ ಎಂಬುದನ್ನು ನಿರ್ಧರಿಸುವ ಅಂತರ, ಈ ಅಳತೆಗೋಲಿಗೆ ಕಾಣುವುದೇ ಇಲ್ಲ. ಸೊಲ್ಲಾಪುರದ ಭಿಶಿ, ಕಾಸರಗೋಡಿನ ಕುರಿ (ಮೇಯುವ ಕುರಿಯಲ್ಲ, ಚೀಟಿ) ಇವುಗಳ ಲೆಕ್ಕ ಬಲ್ಲವರ ಜಾಣ್ಮೆಗೂ ಅದರಲ್ಲಿ ಎಡೆಯಿಲ್ಲ.

‘ಗೊತ್ತಿಲ್ಲ’ ಎಂಬ ಉತ್ತರ ಇನ್ನೂ ತೊಡಕಿನದು. ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ ಆ ಆಯ್ಕೆಯನ್ನು ತೆಗೆದಾಗ ಅನೇಕ ಮಹಿಳೆಯರು ಸರಿಯುತ್ತರವನ್ನೇ ಕೊಟ್ಟರು. ಗಂಡು ಹೆಣ್ಣಿನ ಅಂತರದ ಸುಮಾರು ಮೂರನೆಯ ಒಂದು ಭಾಗ ಅರಿವಿನ ಕೊರತೆಯಲ್ಲ, ಆತ್ಮವಿಶ್ವಾಸದ್ದು. ಅನ್ಯಭಾಷೆಯಲ್ಲಿ ಪ್ರಶ್ನೆ ಎದುರಿಸುವವರ ‘ಗೊತ್ತಿಲ್ಲ’ವನ್ನೂ ಹೀಗೆಯೇ ಪರೀಕ್ಷಿಸಬೇಕಾಗಿದೆ.

ಭಾಷೆಯನ್ನು ಗಮನಿಸಿದವರಿಲ್ಲವೆಂದಲ್ಲ. ಸ್ವಿಟ್ಜರ್ಲೆಂಡಿನ ಜರ್ಮನ್–ಫ್ರೆಂಚ್ ಭಾಷಾಗಡಿಯ ಶಾಲಾಮಕ್ಕಳ ಕುರಿತ 2018ರ ಪ್ರಬಂಧ ಜರ್ಮನ್ ಭಾಷಿಕರೇ ಮುಂದಿದ್ದಾರೆಂದು ಕಂಡು, ಕೈಖರ್ಚಿನ ಹಣ ಕೊಡುವ ಮನೆಯ ರೂಢಿಯಂಥವುಗಳಲ್ಲಿ ಕಾರಣ ಹುಡುಕಿತು. ಆದರೆ ಅಲ್ಲಿ ಗಡಿಯ ಎರಡೂ ಬದಿಯ ಮಗುವಿಗೆ ಮನೆಮಾತೇ ಬ್ಯಾಂಕಿನ ಮಾತು. ನಮ್ಮಲ್ಲಿ ಬ್ಯಾಂಕಿನ ನಮೂನೆಗಳು ಇಂಗ್ಲಿಷ್, ಹಿಂದಿ ಮತ್ತು ಪ್ರಾದೇಶಿಕ ಭಾಷೆಯಲ್ಲಿರಬೇಕೆಂಬುದು ರಿಸರ್ವ್ ಬ್ಯಾಂಕಿನ ಸೂಚನೆ. ಪ್ರಾದೇಶಿಕವೆಂದರೆ ರೂಢಿಯಲ್ಲಿ ರಾಜ್ಯದ ಭಾಷೆ. ಕನ್ನಡದಲ್ಲಿ ಲೆಕ್ಕ ಹಾಕಿ ಮಲಯಾಳದ, ತಮಿಳಿನ, ಮರಾಠಿಯ ಕಾಗದಕ್ಕೆ ಸಹಿ ಹಾಕುವವರ ಅರಿವನ್ನು ಅಳೆಯಹೊರಡುವವರು ಪ್ರಶ್ನಾವಳಿಯಲ್ಲಿ ಕನಿಷ್ಠ ಎರಡು ಕಾಲಂ ಸೇರಿಸಲಿ: ಮನೆಯಲ್ಲಿ ಬಡ್ಡಿಯ ಲೆಕ್ಕ ಯಾವ ಭಾಷೆಯದು, ಸಾಲಪತ್ರ ಯಾವ ಭಾಷೆಯದು.