ತೊಗಲುಗೊಂಬೆಯ ಅಳತೆ

ನಮ್ಮ ತೊಗಲುಗೊಂಬೆಯಾಟದಲ್ಲಿ ಗೊಂಬೆಯ ಗಾತ್ರವೇ ಪಾತ್ರದ ಪದವಿಯನ್ನು ಸಾರುವುದು. ದೇವತೆಗಳ ಮತ್ತು ಅರಸರ ಗೊಂಬೆಗಳು ಹಿರಿಯವು, ಸೇವಕರವು ಕಿರಿಯವು. ಪರದೆಯ ಹಿಂದೆ ದೀಪವು ಬೆಳಗಿದೊಡನೆ, ಭಾಗವತನು ಬಾಯ್ದೆರೆಯುವ ಮೊದಲೇ, ಪ್ರೇಕ್ಷಕನಿಗೆ ಈ ತಾರತಮ್ಯವು ಗೋಚರವಾಗುತ್ತದೆ. ಕಿಳ್ಳೇಕ್ಯಾತರ ಮನೆತನಗಳು ಕಾಪಾಡಿಕೊಂಡು ಬಂದಿರುವ ಈ ಕಲೆಗೆ ಇದೇ ವ್ಯಾಕರಣ.

2023ರಲ್ಲಿ ನಿಧನರಾದ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಇದೇ ಪರದೆಯ ಮೇಲೆ ಸ್ವಾತಂತ್ರ್ಯಸಂಗ್ರಾಮವನ್ನೂ ಮಹಾತ್ಮಾ ಗಾಂಧಿಯವರ ಚರಿತ್ರೆಯನ್ನೂ ತಂದರು. ಇದನ್ನು ಸಂಪ್ರದಾಯಭಂಗವೆನ್ನುವವರು ಇರಬಹುದು, ನಾನು ಹಾಗೆನ್ನಲಾರೆ. ಆದರೆ ಇಂತಹ ವಸ್ತುವನ್ನು ಕೈಗೊಳ್ಳುವ ಪ್ರತಿಯೊಬ್ಬ ಕಲಾವಿದನೂ ರಾಮಕಥೆಯಲ್ಲಿ ಏಳದ ಒಂದು ಪ್ರಶ್ನೆಯನ್ನು ಎದುರಿಸಲೇಬೇಕು: ಸೇವಕನಂತೆ ಬಾಳಿದ ಮಹಾತ್ಮನನ್ನು ಅರಸನ ಅಳತೆಗೆ ಕೊರೆಯಬೇಕೋ, ಸೇವಕನ ಅಳತೆಗೋ?

ಅರಸನ ಅಳತೆಗೆ ಕೊರೆದರೆ ಪೂಜೆಗೊಂದು ಮೂರ್ತಿ ಹೆಚ್ಚಿತೇ ಹೊರತು ಆ ಬಾಳಿನ ಅರ್ಥವು ಪ್ರೇಕ್ಷಕನಿಗೆ ದಕ್ಕದು. ಆದುದರಿಂದ ಸೇವಕನ ಅಳತೆಯೇ ಯುಕ್ತವೆಂದು ನನ್ನ ಮತ. ಗೊಂಬೆಯನ್ನು ಪರದೆಯಿಂದ ದೀಪದತ್ತ ಸರಿಸಿದರೆ ನೆರಳು ತಾನಾಗಿಯೇ ಹಿರಿದಾಗುವುದಷ್ಟೆ. ಹೊಸ ಕಥೆಗೆ ಬೇಕಾದ ಉಪಾಯವು ಹಳೆಯ ಆಟದಲ್ಲಿಯೇ ಇದೆ. ಅದನ್ನು ಬಲ್ಲ ಕೈಗಳು ಉಳಿಯುವಂತೆ ನೋಡಿಕೊಳ್ಳುವುದು ಸಹೃದಯರ ಹೊಣೆ.